ಕುಡಿತದ ಮನೆಯ ಕೂಸೂ ಮಕ್ಕಳ ವೈದ್ಯನೂ

ಧಾರವಾಡ ಜಿಲ್ಲೆಯ ಯರಗುಪ್ಪಿಯಂಥ ಎರೆಭೂಮಿಯ ಊರಿನಲ್ಲಿ ಕುಡಿತಕ್ಕೆ ದಾಸನಾದ ಗಂಡಸು ಆ ಕಾರಣಕ್ಕಾಗಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ತೀರ ಅಪೂರ್ವ. ಹತ್ತಿದರೂ ಬಿದ್ದು ಕೈ ಮುರಿದುಕೊಂಡಾಗ, ರಕ್ತ ಕಾರಿಕೊಂಡಾಗ, ಕಣ್ಣು ಅರಿಸಿನವಾಗಿ ಹೊಟ್ಟೆಯಲ್ಲಿ ನೀರು ತುಂಬಿದಾಗ, ಅಂದರೆ ವೈದ್ಯನು ಮಾಡಬಹುದಾದುದು ಹೆಚ್ಚೇನೂ ಉಳಿದಿಲ್ಲದ ಕಾಲಕ್ಕೆ ಹತ್ತುತ್ತಾನೆ. ಇದು ಒಂದು ಊರಿನ ಅಥವಾ ಒಂದು ತಾಲೂಕಿನ ಮಾತಲ್ಲ. ಭಾರತ ಸರಕಾರಕ್ಕಾಗಿ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಸೇವನೆ ಮಾಡುವವರು ಸುಮಾರು 16 ಕೋಟಿ. ಅದಿಲ್ಲದೆ ಬದುಕಲಾರದ ಸ್ಥಿತಿಗೆ ಬಂದವರು ಸುಮಾರು 2.9 ಕೋಟಿ, ಈ ಎರಡನೆಯ ಗುಂಪಿನ 38 ಮಂದಿಯಲ್ಲಿ ಒಬ್ಬನು ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆಯನ್ನು ಪಡೆದವನು. ಉಳಿದ 37 ಮಂದಿ ಕುಡಿತಕ್ಕೆಂದು ಯಾವ ಚಿಕಿತ್ಸೆಯನ್ನೂ ಪಡೆದಿಲ್ಲ.

ಆದರೆ ಆ 37 ಮಂದಿಯ ಮಕ್ಕಳನ್ನು ವೈದ್ಯರು ಕಂಡಿದ್ದಾರೆ. ಕೂಸಿಗೆ ಜ್ವರ ಬಂದರೆ, ಭೇದಿ ನಿಲ್ಲದಿದ್ದರೆ, ಕೆಮ್ಮಿ ಕೆಮ್ಮಿ ಪಕ್ಕೆ ಸೆಳೆಯಹತ್ತಿದರೆ, ಗಂಡನ ಕೈಗೆ ಸಿಕ್ಕದಂತೆ ಸೆರಗಿನ ಗಂಟಿನಲ್ಲಿಯೋ ಜ್ವಾಳದ ಡಬ್ಬಿಯಲ್ಲಿಯೋ ಅಡಗಿಸಿಟ್ಟ ಹಣವನ್ನು ತೆಗೆದುಕೊಂಡು ತಾಯಿ ಕುಂದಗೋಳದ ತಾಲೂಕು ಆಸ್ಪತ್ರೆಗೋ, 1957ರಲ್ಲಿ ಆರಂಭವಾಗಿ ಹೆಸರು ಬದಲಾದರೂ ಜನರು ಇಂದಿಗೂ ಕೆ.ಎಂ.ಸಿ. ಎಂದೇ ಕರೆಯುವ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೋ ಬಸ್ಸು ಹಿಡಿಯುತ್ತಾಳೆ. ಹೀಗೆ, ತನ್ನ ವ್ಯಾಧಿಯನ್ನು ವ್ಯಾಧಿಯೆಂದು ಒಪ್ಪಿಕೊಳ್ಳದ ಒಂದು ಸಂಸಾರವು ತಾನಾಗಿಯೇ, ಮೇಲಿಂದ ಮೇಲೆ, ಯಾರ ಬಲವಂತವೂ ಇಲ್ಲದೆ ಬಂದು ಎದುರಿಗೆ ಕುಳಿತುಕೊಳ್ಳುವ ಭಾಗ್ಯ, ಭಾಗ್ಯವೆನ್ನಬಹುದಾದರೆ, ವೈದ್ಯರ ಪೈಕಿ ಮಕ್ಕಳ ವೈದ್ಯನೊಬ್ಬನದು. ಆ ಅವಕಾಶವನ್ನು ಅವನು ಹೇಗೆ ಬಳಸಬೇಕು, ಹೇಗೆ ಬಳಸಬಾರದು ಎಂಬುದೇ ಈ ಲೇಖನದ ವಿಷಯ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಎಂಟು ವರ್ಷದ ಹುಡುಗ. ಎರಡು ತಿಂಗಳಿನಿಂದ ಹೊಟ್ಟೆನೋವು. ಜಂತಿನ ಗುಳಿಗೆ ಕೊಟ್ಟಾಗಿದೆ, ಮಲಮೂತ್ರಗಳ ಪರೀಕ್ಷೆಯಾಗಿದೆ, ಸ್ಕ್ಯಾನಿಂಗೂ ಆಗಿದೆ. ಯಾವುದರಲ್ಲಿಯೂ ಏನೂ ಕಂಡುಬಂದಿಲ್ಲ. ಅನುಭವಿಯಾದ ವೈದ್ಯನು ಚೀಟಿಯ ಮೇಲೆ ಮತ್ತೊಂದು ಔಷಧಿಯನ್ನು ಗೀಚುವ ಬದಲು ನೋವು ಯಾವ ಹೊತ್ತಿಗೆ ಎಂದು ವಿಚಾರಿಸುತ್ತಾನೆ. “ಹೊತ್ತು ಮುಳಗಿದ ಮ್ಯಾಲ ಸುರು ಆಗತೈತ್ರೀ ಸಾಹೇಬ್ರ. ಮುಂಜಾನೆ ಏನೂ ಇರೂದಿಲ್ಲ” ಎನ್ನುತ್ತಾಳೆ ತಾಯಿ. ಸಾಲಿಗೆ ಹೋಗುತ್ತಾನೆಯೇ? ವಾರದಲ್ಲಿ ಎರಡು ದಿನ ತಪ್ಪಿಸುತ್ತಾನೆ. ರಾತ್ರಿ ನಿದ್ದೆ ಬರುತ್ತದೆಯೇ? ಬಂದರೂ ಬೆಚ್ಚಿ ಏಳುತ್ತಾನೆ. ಬಿಟ್ಟುಹೋಗಿದ್ದ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವ ರೂಢಿ ಈಚೆಗೆ ಮರಳಿದೆ. ಆಗ ವೈದ್ಯನು, ಲಸಿಕೆ ಹಾಕಿಸಿದ್ದೀರಾ ಎಂದು ಕೇಳುವಾಗಿನ ಅದೇ ದನಿಯಲ್ಲಿ, “ಮನ್ಯಾಗ ಯಾರರ ತಂಬಾಕ, ಗುಟಕಾ, ಸೆರೆ ಹಿಂಗೇನರ ತಗೋತಾರೇನವಾ? ನಾ ಎಲ್ಲಾರ್ನೂ ಕೇಳತೇನಿ” ಎನ್ನುತ್ತಾನೆ. ತಾಯಿ ಮೊದಲು ನೆಲ ನೋಡುತ್ತಾಳೆ. ಅನಂತರ ಹೇಳುತ್ತಾಳೆ.

ಹುಡುಗನ ಹೊಟ್ಟೆನೋವು ಸುಳ್ಳಲ್ಲ, ಸೋಗೂ ಅಲ್ಲ. ಸಂಜೆಯಾಗುತ್ತಲೇ ತಂದೆಯ ಹೆಜ್ಜೆಯ ಸಪ್ಪಳ ಹೇಗಿದೆ, ಅದರಿಂದ ಇಂದಿನ ರಾತ್ರಿ ಹೇಗೆ ಹೋದೀತು ಎಂಬುದನ್ನು ಅಳೆಯುತ್ತ ಕುಳಿತಿರುವ ಮಗುವಿನ ಶರೀರದಲ್ಲಿ ಭಯದ ರಸಗಳು ಹರಿದು ಕರುಳಿನ ಚಲನೆಯನ್ನು ಕೆಡಿಸುತ್ತವೆ; ನೋವು ನಿಜವಾಗಿಯೂ ಉಂಟಾಗುತ್ತದೆ. ಪುನಃ ಪುನಃ ಬರುವ ಹೊಟ್ಟೆನೋವು, ತಲೆನೋವು, ನಿದ್ರಾಭಂಗ, ಓದಿನಲ್ಲಿ ಹಿಂದೆ ಬೀಳುವಿಕೆ, ತಪ್ಪಿಹೋದ ಲಸಿಕೆಗಳು, ಕಾರಣ ಸರಿಯಾಗಿ ತಿಳಿಯದ ಸುಟ್ಟ ಗಾಯ ಅಥವಾ ಬಾವು, ಏರದ ತೂಕ ಇವೆಲ್ಲ ಬಿಡಿಬಿಡಿಯಾಗಿ ನೋಡಿದಾಗ ಬೇರೆ ಬೇರೆ ರೋಗಗಳಂತೆ ಕಾಣುತ್ತವೆಯಾದರೂ ಒಂದೇ ಮಗುವಿನಲ್ಲಿ ಎರಡು ಮೂರು ಕೂಡಿದಾಗ ವೈದ್ಯನ ದೃಷ್ಟಿ ಮಗುವಿನಿಂದ ಮನೆಯ ಕಡೆಗೆ ಹೊರಳಬೇಕು. 1998ರಲ್ಲಿ ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು ಪ್ರಕಟಿಸಿದ ಸುಪ್ರಸಿದ್ಧವಾದ ಅಧ್ಯಯನವು ಬಾಲ್ಯದ ಇಂಥ ಕಷ್ಟಗಳು, ಅವುಗಳಲ್ಲಿ ಮನೆಯವರ ಕುಡಿತವೂ ಒಂದು, ಎಷ್ಟೆಷ್ಟು ಒಟ್ಟುಗೂಡುತ್ತವೆಯೋ ಅಷ್ಟಷ್ಟು ಮಟ್ಟಿಗೆ ಮುಂದೆ ಪ್ರೌಢವಯಸ್ಸಿನಲ್ಲಿ ಹೃದ್ರೋಗ, ಖಿನ್ನತೆ, ವ್ಯಸನ ಮೊದಲಾದವು ಹೆಚ್ಚುತ್ತವೆಂಬುದನ್ನು ತೋರಿಸಿತು.

ವ್ಯಸನದ ಮಾತು ಬಂದಿತಾದ್ದರಿಂದ ನಮ್ಮ ನಾಡಿನಲ್ಲಿಯೇ ನಡೆದ ಒಂದು ಸಂಶೋಧನೆಯನ್ನು ನೆನೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ ಬೆನೆಗಲ್, ಎಸ್. ಎಂ. ಚನ್ನಬಸವಣ್ಣ ಮೊದಲಾದವರು ಮದ್ಯವ್ಯಸನಿಗಳ ಗಂಡುಮಕ್ಕಳೂ ಸೋದರರೂ ಆದವರ ಮೆದುಳಿನ ವಿದ್ಯುತ್ತರಂಗಗಳನ್ನು ಅಳೆದು, ವ್ಯಸನದ ಅಪಾಯ ಯಾರಲ್ಲಿ ಹೆಚ್ಚೋ ಅವರಲ್ಲಿ ಒಂದು ವಿಶಿಷ್ಟ ತರಂಗದ ಎತ್ತರ ಅಷ್ಟರಮಟ್ಟಿಗೆ ಕುಗ್ಗಿರುತ್ತದೆಂಬುದನ್ನು 1995ರಲ್ಲಿಯೇ ಪ್ರಕಟಿಸಿದ್ದರು. ಎಂದರೆ ಕುಡುಕನ ಮಗ ಕುಡುಕನಾಗಲೇಬೇಕೆಂದು ಹಣೆಯಲ್ಲಿ ಬರೆದಿದೆಯೆಂದು ಅರ್ಥವಲ್ಲ. ಇಂಥ ಮಕ್ಕಳಲ್ಲಿ ಬಹುಮಂದಿ ಕುಡುಕರಾಗುವುದಿಲ್ಲ. ಆದರೆ ಆ ಹುಡುಗ ಹದಿನಾಲ್ಕು ಹದಿನೈದು ವಯಸ್ಸಿಗೆ ಬರುವ ಹೊತ್ತಿಗೆ ಅವನೊಡನೆ ಪ್ರತ್ಯೇಕವಾಗಿ ಕುಳಿತು, ಅಪ್ಪನಿಗೆ ಮಧುಮೇಹವಿದ್ದರೆ ಮಗನು ಸಕ್ಕರೆಯ ವಿಷಯದಲ್ಲಿ ಹೇಗೆ ಎಚ್ಚರದಿಂದಿರಬೇಕೋ ಹಾಗೆಯೇ ನೀನು ಮೊದಲ ಗುಟುಕಿನ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಎಚ್ಚರದಿಂದಿರಬೇಕು ಎಂದು ಹೇಳತಕ್ಕವರು ಯಾರಾದರೂ ಬೇಕು. ಮನೆಯವರು ಹೇಳಲಾರರು; ಮಾಸ್ತರರು ಹೇಳುವುದಿಲ್ಲ; ವೈದ್ಯನ ಬಾಯಿಂದ ಬಂದರೆ ಅದು ಉಪದೇಶವೆನಿಸದು.

ಪ್ರಶ್ನೆ ಕೇಳುವುದಕ್ಕೂ ಒಂದು ಶಾಸ್ತ್ರವುಂಟು. 1984ರಲ್ಲಿ ಜಾನ್ ಯೂಯಿಂಗ್ ಎಂಬ ಅಮೆರಿಕದ ಮನೋವೈದ್ಯನು ಪ್ರಚುರಪಡಿಸಿದ ನಾಲ್ಕು ಪ್ರಶ್ನೆಗಳು ಇಂದು ಎಷ್ಟೋ ವೈದ್ಯ ವಿದ್ಯಾರ್ಥಿಗಳಿಗೆ ಬಾಯಿಪಾಠ: ಕುಡಿತವನ್ನು ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿದೆಯೇ, ಅದರ ಬಗ್ಗೆ ಯಾರಾದರೂ ಮಾತನಾಡಿದರೆ ಸಿಟ್ಟು ಬರುತ್ತದೆಯೇ, ತಪ್ಪು ಮಾಡುತ್ತಿದ್ದೇನೆಂಬ ಅಳುಕು ಆಗಿದೆಯೇ, ಬೆಳಗ್ಗೆ ಎದ್ದಕೂಡಲೇ ಬೇಕೆನಿಸುತ್ತದೆಯೇ. ಮೂಲದಲ್ಲಿ ಕುಡಿಯುವವನಿಗೇ ಹಾಕತಕ್ಕ ಈ ಪ್ರಶ್ನೆಗಳನ್ನು ಅನಂತರದವರು ಮನೆಯ ಇತರರಿಗೆ ಹಾಕುವಂತೆ ತಿರುಗಿಸಿಕೊಂಡರು. ಮಕ್ಕಳ ವೈದ್ಯನಿಗೆ ಬೇಕಾದುದು ಈ ಎರಡನೆಯ ರೂಪ; ಏಕೆಂದರೆ ಅವನೆದುರಿಗಿರುವವಳು ಕುಡಿಯುವವನ ಹೆಂಡತಿ, ಎಷ್ಟೋ ವೇಳೆ ಅವನ ತಾಯಿ. ಅಜ್ಜಿಯಿಂದ ದೊರೆಯುವ ಉತ್ತರ ಬೇರೆಯದೇ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು: “ನನ್ನ ಮಗಾ ಛಲೋ ಐದಾನ್ರೀ, ದುಡದು ದಣಕೊಂಡು ಬಂದಾಗ ಒಂದೀಟು ತಗೋತಾನ” ಎಂಬ ಆ ತಾಯಿಕರುಳಿನ ಮಾತಿನಲ್ಲಿ ಒಂದೀಟು ಎಂದರೆ ಎಷ್ಟು ಎಂಬುದನ್ನು ವೈದ್ಯನು ಅಲ್ಲಿಗಲ್ಲಿಗೆ ನಂಬುವುದಿಲ್ಲ, ಹಾಗೆಂದು ಆಕೆಯನ್ನು ಅಡ್ಡಪ್ರಶ್ನೆಗಳಿಂದ ಕಾಡುವುದೂ ಇಲ್ಲ.

ಕೇಳಿದರೆ ಜನರು ಅಪಮಾನವೆಂದು ಭಾವಿಸುತ್ತಾರೆಂಬುದು ವೈದ್ಯರಲ್ಲಿ ಬಹುಕಾಲದಿಂದ ಬೇರುಬಿಟ್ಟ ಶಂಕೆ. ಅಮೆರಿಕದ ಮಕ್ಕಳ ಚಿಕಿತ್ಸಾಲಯಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೂರು ಮಂದಿ ತಂದೆತಾಯಿಗಳಲ್ಲಿ ಸುಮಾರು ಹನ್ನೊಂದು ಮಂದಿಯ ಕುಡಿತ ಶಂಕಾಸ್ಪದವಾಗಿತ್ತೆಂದೂ, ಮಕ್ಕಳ ವೈದ್ಯರು ಈ ವಿಷಯವನ್ನು ಎತ್ತುವುದಕ್ಕೆ ಬಹುಪಾಲು ಪೋಷಕರ ಆಕ್ಷೇಪವಿರಲಿಲ್ಲವೆಂದೂ ತಿಳಿದುಬಂದಿತು. ಅಲ್ಲಿನ ಮಕ್ಕಳ ವೈದ್ಯರ ಸಂಘವು 2016ರಲ್ಲಿ ಇದನ್ನು ತನ್ನ ಸದಸ್ಯರ ಕರ್ತವ್ಯವೆಂದೇ ಬರೆದಿಟ್ಟಿದೆ. ಅದಕ್ಕೂ ಮುಂಚೆ, 1999ರಲ್ಲಿ, ಜಾನ್ಸ್ ಹಾಪ್ಕಿನ್ಸ್‌ನ ಮಕ್ಕಳ ವೈದ್ಯ ಹೂವರ್ ಆಡ್ಜರ್ ಮತ್ತು ಸಂಗಡಿಗರು ಮೂರು ಮೆಟ್ಟಿಲುಗಳ ಒಂದು ಕ್ರಮವನ್ನು ಸೂಚಿಸಿದ್ದರು. ಮೊದಲನೆಯದು, ಕೇಳುವುದಕ್ಕೂ ಗುರುತಿಸುವುದಕ್ಕೂ ಸರಿಯಾದ ಸ್ಥಳಕ್ಕೆ ಕಳಿಸುವುದಕ್ಕೂ ಬೇಕಾದ ತಿಳಿವಳಿಕೆ. ಇದು ಎಲ್ಲ ವೈದ್ಯರಿಗೂ ಕಡ್ಡಾಯ. ಅದರ ಮೇಲಿನದು ಆ ಸಂಸಾರದ ಜೊತೆಗಿದ್ದು ಮುಂದುವರಿಸುವ ಹೊಣೆ, ಇಚ್ಛೆಯುಳ್ಳವರಿಗೆ. ಚಿಕಿತ್ಸೆ ಮಾಡುವುದು ಮೂರನೆಯದು, ಅದು ಪರಿಣತರದು. ನನ್ನ ಮಟ್ಟಿಗೆ ಈ ವಿಂಗಡಣೆಯಲ್ಲಿ ದೊಡ್ಡ ಸಮಾಧಾನವಿದೆ. ದಿನಕ್ಕೆ ನೂರು ಮಕ್ಕಳನ್ನು ನೋಡುವ ನಮ್ಮ ಸರಕಾರೀ ವೈದ್ಯನು ಕುಡಿತವನ್ನು ಬಿಡಿಸಬೇಕೆಂದು ಯಾರೂ ಹೇಳುತ್ತಿಲ್ಲ. ಅವನು ಒಂದು ಪ್ರಶ್ನೆ ಕೇಳಬೇಕು, ಉತ್ತರ ಬಂದಾಗ ಒಂದು ದಾರಿ ತೋರಿಸಬೇಕು.

ಪ್ರಶ್ನೆಗಿಂತ ಕಷ್ಟವಾದುದು ಉತ್ತರ ಬಂದ ಅನಂತರದ ನಡತೆ. ವೈದ್ಯನು ಇಲ್ಲಿ ಮರೆಯಬಾರದ ಮೊದಲ ಸಂಗತಿಯೆಂದರೆ ಅವನ ರೋಗಿ ಆ ಮಗು, ತಂದೆಯಲ್ಲ. ಆದುದರಿಂದ ಅವನು ಮೊದಲು ತಿಳಿಯಬೇಕಾದದ್ದು ಈ ರಾತ್ರಿ ಮಗು ಕ್ಷೇಮವಾಗಿ ಇರಬಲ್ಲುದೇ, ಹೊಡೆತ ಬಡಿತವುಂಟೇ, ಗಲಾಟೆಯಾದರೆ ತಾಯಿಮಕ್ಕಳು ಹೋಗಿ ನಿಲ್ಲಲು ತವರಾಗಲಿ ನೆರೆಮನೆಯಾಗಲಿ ಇದೆಯೇ ಎಂಬುದು. ಎರಡನೆಯದಾಗಿ, ತಾಯಿ ಹೇಳಿದ ಮಾತು ತಾಯಿಗೇ ಮುಳುವಾಗಬಾರದು. ನಮ್ಮಲ್ಲಿ ಆಸ್ಪತ್ರೆಯ ಚೀಟಿಯು ರೋಗಿಯ ಕೈಯಲ್ಲಿಯೇ ಮನೆಗೆ ಹೋಗುತ್ತದೆ; ಅದರಲ್ಲಿ ‘ತಂದೆ ಮದ್ಯವ್ಯಸನಿ’ ಎಂದು ಬರೆದರೆ ಓದು ಬಲ್ಲ ಯಾರೋ ಒಬ್ಬರು ಅದನ್ನು ಆ ಮನೆಯಲ್ಲಿ ಓದಿಯೇ ಓದುತ್ತಾರೆ, ಅದರ ಪರಿಣಾಮವನ್ನು ಅನುಭವಿಸುವವಳು ಆ ಹೆಂಗಸು. ಬಲ್ಲ ವೈದ್ಯನು ಆ ಮಾತನ್ನು ಆಸ್ಪತ್ರೆಯಲ್ಲಿ ಉಳಿಯುವ ದಾಖಲೆಯಲ್ಲಿ ಮಾತ್ರ ಬರೆಯುತ್ತಾನೆ. ಗಂಡನೂ ಜೊತೆಯಲ್ಲಿ ಬಂದಿದ್ದರೆ ತೂಕ ಮಾಡಿಸಿಕೊಂಡು ಬರಲಿಕ್ಕೆಂದು ತಾಯಿಮಗುವನ್ನು ಒಳಕ್ಕೆ ಕಳಿಸಿ ದಾದಿಯ ಮೂಲಕ ಕೇಳಿಸುವುದು ಒಂದು ಜಾಣತನ.

ಮಗುವಿನೊಡನೆ ಆಡತಕ್ಕ ಮಾತುಗಳೂ ಇವೆ, ಅವು ಬಹಳವಿಲ್ಲ. ಇಂಥ ಮನೆಗಳ ಮಕ್ಕಳು ತಮ್ಮ ತಪ್ಪಿನಿಂದಲೇ, ತಾವು ಹಟ ಮಾಡಿದ್ದರಿಂದಲೇ, ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದದ್ದರಿಂದಲೇ ಅಪ್ಪ ಕುಡಿಯುತ್ತಾನೆಂದು ನಂಬಿಕೊಂಡಿರುವುದು ಸರ್ವೇಸಾಮಾನ್ಯ. ಇವರಿಗಾಗಿಯೇ ಅಮೆರಿಕದಲ್ಲಿ 1983ರಲ್ಲಿ ಹುಟ್ಟಿದ ಸಂಘವೊಂದು ಮಗುವಿಗೆ ಮೊದಲು ಕಲಿಸುವುದು ಮೂರು ಸಂಗತಿಗಳನ್ನು: ಇದು ನನ್ನಿಂದ ಆದದ್ದಲ್ಲ, ಇದನ್ನು ಹತೋಟಿಯಲ್ಲಿಡುವುದು ನನ್ನ ಕೈಯಲ್ಲಿಲ್ಲ, ಇದನ್ನು ವಾಸಿ ಮಾಡುವುದು ನನ್ನಿಂದಾಗದು. ಧಾರವಾಡ ಸೀಮೆಯ ವೈದ್ಯನು ಹುಡುಗನ ಬೆನ್ನ ಮೇಲೆ ಕೈಯಿಟ್ಟು “ತಮ್ಮಾ, ಇದರಾಗ ನಿಂದೇನೂ ತಪ್ಪಿಲ್ಲೋ. ಅಪ್ಪಗ ಅದೊಂದು ಜಡ್ಡು ಐತಿ. ನಿನಗ ಅಂಜಿಕಿ ಬಂದ್ರ ಯಾರ ಮುಂದ ಹೇಳತಿ?” ಎಂದರೆ ಅಷ್ಟೂ ಅದರಲ್ಲಿ ಬಂದಿತು. ಕೊನೆಯ ಪ್ರಶ್ನೆಗೆ ಬರುವ ಉತ್ತರ, ಅಜ್ಜನೋ ಸೋದರಮಾವನೋ ಸಾಲಿಯ ಅಕ್ಕಾರೋ, ಯಾರೇ ಇರಲಿ, ಬಹಳ ಮುಖ್ಯ. ಭರವಸೆಗೆ ಪಾತ್ರನಾದ ಒಬ್ಬ ಹಿರಿಯನಾದರೂ ಇರುವ ಮಗು ಇಂಥ ಬಾಲ್ಯವನ್ನು ದಾಟಿ ಬರುವ ಸಂಭವ ಹೆಚ್ಚೆಂಬುದರಲ್ಲಿ ಬಲ್ಲವರಿಗೆ ಸಂಶಯವಿಲ್ಲ.

ಇನ್ನು ತಂದೆ. ಈ ಪ್ರದೇಶದ ಗೋಡೆಗಳ ಮೇಲೂ ಪತ್ರಿಕೆಗಳ ಮೂಲೆಗಳಲ್ಲೂ ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಜಾಹೀರಾತುಗಳನ್ನು ಕಾಣದವರಾರು? ಅದನ್ನು ನೋಡಿಯೋ ಯಾರದೋ ಮಾತು ಕೇಳಿಯೋ ಎಷ್ಟೋ ಹೆಂಗಸರು ಒಂದು ಪುಡಿಯನ್ನು ಗಂಡನ ಸಾರಿನಲ್ಲಿ ಬೆರೆಸುತ್ತಾರೆ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಔಷಧಿಯಿದ್ದರೆ ಅಪಾಯ ಸಣ್ಣದಲ್ಲ. 1948ರಲ್ಲಿ ಡೆನ್ಮಾರ್ಕಿನ ಎರಿಕ್ ಯಾಕೋಬ್ಸೆನ್ ಮತ್ತು ಯೆನ್ಸ್ ಹಾಲ್ಡ್ ಎಂಬವರು ಇದರ ಗುಣವನ್ನು ಲೋಕಕ್ಕೆ ತಿಳಿಸಿದರು. ಇದನ್ನು ಸೇವಿಸಿದವನು ಮದ್ಯವನ್ನು ಮುಟ್ಟಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ಒಪ್ಪಿ ಸೇವಿಸುವವನಿಗೆ ಅದು ಬೇಲಿ. ತಿಳಿಯದೆ ಸೇವಿಸಿದವನ ಪ್ರಾಣಕ್ಕೆ ಸಂಚಕಾರ. ಹಾಗೆಯೇ ವರ್ಷಗಟ್ಟಲೆ ಬೆಳಗ್ಗೆಯಿಂದಲೇ ಕುಡಿಯುತ್ತಿದ್ದವನು ದೇವರ ಮೇಲೆ ಆಣೆಯಿಟ್ಟು ಒಂದೇ ದಿನ ನಿಲ್ಲಿಸಿಬಿಟ್ಟರೆ ಎರಡು ಮೂರು ದಿನಗಳೊಳಗೆ ಕೈನಡುಕ, ಮೂರ್ಛೆ, ಇಲ್ಲದ್ದು ಕಾಣುವ ಸನ್ನಿ ಬರುವುದುಂಟು. ಈ ಎರಡು ಸಂಗತಿಗಳನ್ನು ತಾಯಿಗೆ ತಿಳಿಹೇಳುವುದು ಮಕ್ಕಳ ವೈದ್ಯನಿಂದಾಗುವ ದೊಡ್ಡ ಉಪಕಾರ.

ಮದ್ದಿನ ಮಾತಿನಲ್ಲಿಯೇ ಇನ್ನೊಂದನ್ನು ಹೇಳಬೇಕು. ನೆಗಡಿಯಾದ ಕೂಸಿಗೆ ಒಂದು ಚಮಚ ಬ್ರಾಂದಿ ಕುಡಿಸುವ ಅಜ್ಜಿಯರು ಈಗಲೂ ಇದ್ದಾರೆ. ಮದ್ಯವು ಯಕೃತ್ತು ಸಕ್ಕರೆಯನ್ನು ತಯಾರಿಸುವ ಕೆಲಸವನ್ನೇ ತಡೆಯುವುದರಿಂದ ಎಳೆಯ ಶಿಶುವಿನ ರಕ್ತದಲ್ಲಿ ಸಕ್ಕರೆ ಇಳಿದು ಸೆಳವು ಬರಬಹುದು. ಕಕ್ಕುಲಾತಿಯಿಂದ ಮಾಡಿದ್ದಾದರೂ ಇದು ಮೌಢ್ಯವೇ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಲ್ಲಿ, ಅರ್ಹ ವೈದ್ಯನ ಆದೇಶವಿಲ್ಲದೆ ಮಗುವಿಗೆ ಮದ್ಯ ಕೊಡುವವರಿಗೆ ಏಳು ವರ್ಷಗಳವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿಯವರೆಗೆ ದಂಡವೂ ವಿಹಿತವಾಗಿದೆ.

ದಾರಿ ತೋರಿಸಬೇಕೆಂದೆ, ಈ ಜಿಲ್ಲೆಯ ಮಟ್ಟಿಗೆ ದಾರಿಗಳಿಲ್ಲವೆಂದು ಹೇಳುವಂತಿಲ್ಲ. 1845ರಷ್ಟು ಹಿಂದೆಯೇ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಧಾರವಾಡದ ಸಂಸ್ಥೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಬೆಳೆದಿದೆ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ವಿಭಾಗವಿರುವ ಆವರಣದಲ್ಲಿಯೇ ಮನೋವೈದ್ಯ ವಿಭಾಗವೂ ಇದೆ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲಿಯೇ ಮನೋರೋಗಗಳನ್ನು ನೋಡುವ ಪ್ರಯೋಗ ನಡೆಸಿದರಷ್ಟೆ. ಅದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರಬೇಕೆಂಬ ಕರ್ನಾಟಕದ ‘ಮನೋಚೈತನ್ಯ’ ಯೋಜನೆ ಆ ಪರಂಪರೆಯದೇ. ವೈದ್ಯನು ‘ಧಾರವಾಡಕ್ಕೆ ಹೋಗಿ’ ಎಂದರೆ ‘ನನಗೇನು ಹುಚ್ಚು ಹಿಡಿದಿದೆಯೇ’ ಎಂದು ರೇಗುವ ಗಂಡಸು, ‘ಮಂಗಳವಾರ ಮಗುವನ್ನು ತೋರಿಸಲು ನೀವೂ ಬನ್ನಿ, ನಿಮ್ಮ ರಕ್ತದೊತ್ತಡವನ್ನೂ ನೋಡೋಣ’ ಎಂದರೆ ಬಂದಾನು. ಮಗನ ಮೇಲಣ ಮಮತೆ ಕುಡುಕನಲ್ಲಿ ಸತ್ತಿರುವುದಿಲ್ಲ. ಹೆಂಡತಿಯ ಕಣ್ಣೀರಿಗೂ ಪಂಚರ ಬೈಗಳಕ್ಕೂ ಜಗ್ಗದವನು ‘ನಿಮ್ಮ ಮಗನ ಹೊಟ್ಟೆನೋವಿಗೂ ನಿಮ್ಮ ಕುಡಿತಕ್ಕೂ ಸಂಬಂಧವಿದೆ’ ಎಂದು ವೈದ್ಯನು ಮೆಲ್ಲಗೆ ಹೇಳಿದಾಗ ತಲೆ ತಗ್ಗಿಸುವುದು ಸಾಧ್ಯವಿದೆ.

ಆಸ್ಪತ್ರೆಯ ಹೊರಗೂ ಈ ಸೀಮೆಯ ಜನಕ್ಕೆ ಪರಿಚಿತವಾದ ಮಾರ್ಗಗಳಿವೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರು ತಿರುಗಿ, ಹಣಕ್ಕಾಗಲಿ ಧಾನ್ಯಕ್ಕಾಗಲಿ ಅಲ್ಲದೆ ಜನರ ದುಶ್ಚಟಗಳಿಗಾಗಿ ಜೋಳಿಗೆಯೊಡ್ಡಿದರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳೂ ಬಿಟ್ಟವರು ಮತ್ತೆ ಜಾರದಂತೆ ಕೂಡಿಸುವ ನವಜೀವನ ಸಮಿತಿಗಳೂ ಹಳ್ಳಿಗಳಿಗೆ ಹೊಸವಲ್ಲ. ಶಿಬಿರಕ್ಕೆ ಹೋಗುವ ಮುಂಚೆ ಒಬ್ಬ ವೈದ್ಯನು ಪರೀಕ್ಷಿಸಿರಬೇಕೆಂಬುದೊಂದೇ ನನ್ನ ಸೇರ್ಪಡೆ, ಮೇಲೆ ಹೇಳಿದ ಸನ್ನಿಯ ಕಾರಣದಿಂದ.

ಕಾಯಿದೆಯ ಹಾದಿಯನ್ನೂ ನಾಡು ತುಳಿದು ನೋಡಿದೆ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1949ರ ಪಾನನಿರೋಧ ಕಾಯಿದೆ ಇಲ್ಲಿಯೂ ಇದ್ದಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾಯಿತು. ಆದರೆ ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂದಿತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಮದ್ಯನಿಷೇಧ ಬೇಡಿ ಕಾಲ್ನಡಿಗೆಯಲ್ಲಿ ಹೋದದ್ದು ಆ ಪೊಟ್ಟಣದ ವಿರುದ್ಧವೇ. ಅವರ ಬೇಡಿಕೆ ನ್ಯಾಯವೋ ಅಸಾಧ್ಯವೋ ಎಂಬ ಚರ್ಚೆ ಬೇರೆ; ಆ ಚರ್ಚೆ ಮುಗಿಯುವವರೆಗೆ ಮಕ್ಕಳ ಹೊಟ್ಟೆನೋವು ಕಾಯುವುದಿಲ್ಲ.

ನಮ್ಮ ವೈದ್ಯರು ಕೇಳುತ್ತಾರೆಯೇ? ಕೆಲವರು ಕೇಳುತ್ತಾರೆ, ಹೆಚ್ಚಿನವರು ಕೇಳುವುದಿಲ್ಲವೆಂಬುದೇ ನನ್ನ ತಿಳಿವು. ಹೊರಗೆ ಕಾದಿರುವ ಸಾಲು, ಕಿವಿಗೊಟ್ಟು ನಿಂತಿರುವ ಹತ್ತು ಜನ, ಕೇಳಿ ಮಾಡುವುದೇನೆಂಬ ನಿರಾಶೆ ಇವೆಲ್ಲ ನಿಜವಾದ ಅಡ್ಡಿಗಳೇ. ಆದರೆ ಒಂದು ಸ್ಥಳದಲ್ಲಿ ಈ ಯಾವ ನೆಪವೂ ನಿಲ್ಲದು. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ತಾಯಿಯೊಡನೆ ಸುಮಾರು ಎರಡು ವಾರ ಇರಿಸಿಕೊಂಡು ಉಪಚರಿಸುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಹೊತ್ತು ಬೇಕಾದಷ್ಟಿದೆ, ತಾಯಿ ಏಕಾಂತದಲ್ಲಿ ಸಿಕ್ಕುತ್ತಾಳೆ, ಮಗುವಿನ ತೂಕ ಏಕೆ ಇಳಿಯಿತೆಂಬುದೇ ಅಲ್ಲಿನ ಮೂಲ ಪ್ರಶ್ನೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇದಕ್ಕೆಲ್ಲ ಕುಡಿತವೇ ಕಾರಣವೆಂದು ಯಾರೂ ಹೇಳರು. ಆದರೆ ದಿನಗೂಲಿಯ ಅರ್ಧ ಸಂಜೆಯೇ ಕರಗುವ ಮನೆಯಲ್ಲಿ ಹಾಲಿಗೂ ತತ್ತಿಗೂ ಉಳಿಯುವುದೆಷ್ಟೆಂಬುದನ್ನು ವಿಚಾರಿಸದೆ ತಾಯಿಗೆ ಪೌಷ್ಟಿಕ ಆಹಾರದ ಪಟ್ಟಿಯನ್ನು ಕೊಟ್ಟು ಕಳಿಸುವುದು ಅರ್ಧ ಚಿಕಿತ್ಸೆ. ಈ ಕೇಂದ್ರಗಳ ದಾಖಲಾತಿ ಪತ್ರದಲ್ಲಿ ಮನೆಯವರ ಕುಡಿತದ ಬಗ್ಗೆ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡುವುದಕ್ಕೆ ಸರಕಾರಕ್ಕೆ ಕಾಗದ ಮಸಿಗಳಷ್ಟೇ ವೆಚ್ಚ.

ಓದುವ ತಾಯಂದಿರಿಗೆ ಒಂದು ಮಾತು. ಮಗುವಿನ ಆರೋಗ್ಯಕ್ಕೆ ಸಂಬಂಧಿಸಿದ ಸಂಗತಿಯನ್ನು ಮಗುವಿನ ವೈದ್ಯರಿಗೆ ಹೇಳುವುದು ಚಾಡಿಯಲ್ಲ, ಮನೆಯ ಮಾನ ಕಳೆದಂತೆಯೂ ಅಲ್ಲ. ಮನಸ್ಸಿನ ಮತ್ತು ವ್ಯಸನದ ಸಲಹೆಗೆ 14416 ಎಂಬ ಟೆಲಿಮಾನಸ್ ದೂರವಾಣಿಗೂ, ಮಗುವಿಗೆ ಅಪಾಯವಿದ್ದಾಗ 1098ಕ್ಕೂ ಹಣವಿಲ್ಲದೆ ಕರೆ ಮಾಡಬಹುದು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವೈದ್ಯರು ಕೇಳದಿದ್ದರೆ, ದಯವಿಟ್ಟು ನೀವಾಗಿಯೇ ಹೇಳಿರಿ.